ಡಬ್ಬಿಯ ನಿದ್ದೆ ಮತ್ತು ಕಡುಗೆಂಪು ಪರದೆ

ತೊಂಬತ್ತರ ದಶಕದಲ್ಲಿ ನಾನು ವಡೋದರಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಎಂಜಿನಿಯರ್. ಸೂರತ್‌ನ ಬಣ್ಣದ ಮಿಲ್ಲುಗಳಿಗಾಗಿ ಬ್ಯಾಟರಿಯ ಡಬ್ಬಿಯೊಂದನ್ನು ಮಾಡಿದ್ದೆವು. ಬಟ್ಟೆಯನ್ನು ಬಣ್ಣಕ್ಕಿಳಿಸಿ ಗುಂಡಿ ಒತ್ತಿದರೆ, ತೆಗೆಯುವ ಹೊತ್ತಿಗೆ ಅದು ಕಿರುಚಬೇಕು. ಒಳಗಿನ ಪುಟ್ಟ ಆಪರೇಟಿಂಗ್ ಸಿಸ್ಟಮ್, ಅದರ ತಿರುಳಾದ ಕರ್ನಲ್ ಸಮೇತ, ನಾನೇ ಬರೆದದ್ದು. ಕೆಲಸವಿಲ್ಲದಾಗ ಪ್ರೊಸೆಸರ್ ಮಲಗಿ ಬ್ಯಾಟರಿ ಉಳಿಸುವಂತೆ ಮಾಡಿದ್ದೆ. ಅದಕ್ಕಾಗಿ ಸಾಕಷ್ಟು ಮೆರೆದಿದ್ದೆ ಕೂಡ.

"ಈ ಆರ್ಡರ್ ಬರದಿದ್ದರೆ ನೀನು ಟಿವಿ ರಿಪೇರಿಗೆ ವಾಪಸ್" ಎಂದು ಮಾಲೀಕರು ಹಿಂದಿಯಲ್ಲಿ ಹರಸಿ, ಡಬ್ಬಿಯೊಂದಿಗೆ ಸೂರತ್‌ಗೆ ಕಳಿಸಿದರು.

ಅಲ್ಲಿನ ಪಾಂಡೇಸರಾದ ಒಂದು ಮಿಲ್ಲಿನಲ್ಲಿ ಪರೀಕ್ಷೆಗೆಂದು ಗುಲಾಬಿ ಬಣ್ಣಕ್ಕೆ ಬಟ್ಟೆ ಇಳಿಯಿತು. ಡಬ್ಬಿ ಕೂಗುವ ತನಕ ಯಾರೂ ಬಟ್ಟೆ ಮುಟ್ಟಕೂಡದೆಂದು ಅಪ್ಪಣೆ ಕೊಟ್ಟವನು ನಾನೇ. ಮಿಲ್ಲಿನ ಒಡೆಯರಾದ ಸೇಠರು ಊಟಕ್ಕೆ ಕೂರಿಸಿದರು. ಬೇಡವೆಂದಷ್ಟೂ ತಟ್ಟೆಗೆ ರೋಟಲಿ, ಅಂದರೆ ತೆಳು ಚಪಾತಿ, ಬೀಳುವ ಉಪಚಾರ. ಕೂಗಿದಾಗ ಎದ್ದರಾಯಿತೆಂದು ನಾನೂ ತಟ್ಟೆ ಒಡ್ಡಿದೆ. ಡಬ್ಬಿ ಕೂಗಲೇ ಇಲ್ಲ. ಓಡಿ ಬಂದು ನೋಡಿದರೆ ಬಟ್ಟೆ ಕಡುಗೆಂಪಾಗಿತ್ತು.

ಪ್ರೊಸೆಸರ್ ಮಲಗಿದಾಗ ಅದರೊಳಗಿನ ಟೈಮರೂ ಜೊತೆಗೇ ಮಲಗಿತ್ತು. ಎಬ್ಬಿಸುವವನೇ ಗೊರಕೆ ಹೊಡೆದರೆ ಏಳುವವರು ಯಾರು? ಕಾರ್ಖಾನೆಯಲ್ಲಿ ಪರೀಕ್ಷಿಸುವಾಗ ನಾನು ಸಮಯ ಸರಿಯಿದೆಯೇ ಎಂದು ಮತ್ತೆ ಮತ್ತೆ ಗುಂಡಿ ಒತ್ತುತ್ತ ಅದನ್ನು ಮಲಗಲು ಬಿಟ್ಟಿರಲೇ ಇಲ್ಲ. ಈಗ ಅಳುವೇ ಬಂತು. ಸೇಠರು ಬೈಯಲಿಲ್ಲ. ಸರಿಮಾಡಿ ಇನ್ನೊಮ್ಮೆ ತನ್ನಿ ಎಂದು ಹೇಳಿ, ಆ ಬಟ್ಟೆಯನ್ನು ಒಣಗಿಸಿ ನನ್ನ ತಲೆಗೇ ಕಟ್ಟಿದರು.

ವಾಪಸ್ ರೈಲಿನಲ್ಲಿ ಬಟ್ಟೆಯ ಗಂಟಿಗೆ ಒರಗಿ, "ವಡೋದರಾ ಬಂದಾಗ ಎಬ್ಬಿಸಿ" ಎಂದು ಪಕ್ಕದವರಿಗೆ ಹೇಳಿ ಕಣ್ಣು ಮುಚ್ಚಿದೆ. ಮುಚ್ಚಿದ್ದೇ ತಡ, ಉಪಾಯ ಹೊಳೆಯಿತು. ತಾರೀಕು ತೋರಿಸಲೆಂದು ಡಬ್ಬಿಯಲ್ಲಿ ಬೇರೊಂದು ಗಡಿಯಾರದ ಚಿಪ್ ಇತ್ತು. ಅದು ಎಂದೂ ಮಲಗುವುದಿಲ್ಲ. ಪ್ರೊಸೆಸರ್ ಮಲಗುವ ಮೊದಲು ಅದಕ್ಕೆ ಎಬ್ಬಿಸಲು ಹೇಳಬೇಕು. ಎದ್ದ ಮೇಲೆ, ಎಷ್ಟು ಹೊತ್ತು ಮಲಗಿದ್ದೆ ಎಂದು ಅದನ್ನೇ ಕೇಳಿ ತನ್ನ ಸಮಯ ತಿದ್ದಿಕೊಳ್ಳಬೇಕು. ನನ್ನ ನಿದ್ದೆ ಹಾರಿಹೋಯಿತು. ಪಕ್ಕದವರು ಮಾತ್ರ ಕೊಟ್ಟ ಮಾತಿಗೆ ತಪ್ಪದೆ, ಕಣ್ಣು ಬಿಟ್ಟು ಕೂತಿದ್ದ ನನ್ನನ್ನು ವಡೋದರಾದಲ್ಲಿ ಭುಜ ಅಲ್ಲಾಡಿಸಿ ಎಬ್ಬಿಸಿದರು.

ತಿದ್ದಿದ ಡಬ್ಬಿ ಹೊತ್ತಿಗೆ ಸರಿಯಾಗಿ ಕಿರುಚಿತು. ಆರ್ಡರ್ ಬಂತು, ಟಿವಿ ರಿಪೇರಿ ತಪ್ಪಿತು. ಆ ಕಡುಗೆಂಪು ಬಟ್ಟೆಯಲ್ಲಿ ನನ್ನಾಕೆ ವಡೋದರಾದ ಮಾಂಜಲ್‌ಪುರದಲ್ಲಿದ್ದ ನಮ್ಮ ಮನೆಯ ಕಿಟಕಿಗಳಿಗೆ ಪರದೆ ಹೊಲಿದಳು. ಅಂದಿನಿಂದ ನಡುಮಧ್ಯಾಹ್ನವೂ ಕೋಣೆ ಕತ್ತಲು. ಭಾನುವಾರ ಉಂಡು ಮಲಗಿ ಎದ್ದರೆ ಹಗಲೋ ರಾತ್ರಿಯೋ ತಿಳಿಯುತ್ತಿರಲಿಲ್ಲ.

"ಯಾಕೇ ಎಬ್ಬಿಸಲಿಲ್ಲ?" ಎಂದು ರೇಗುತ್ತಿದ್ದೆ.

"ಎಬ್ಬಿಸು ಅಂತ ಹೇಳಿ ಮಲಗಿದ್ರೇನ್ರೀ?" ಎನ್ನುತ್ತಿದ್ದಳು ಅಡುಗೆಮನೆಯಿಂದ.