ಪರಸವ್ವ ಇದ್ದಿಲ್ಲ

ವಿಜಯಪುರದ ಜಲನಗರದ ವಿದ್ಯಾವತಿಗೆ ತಿಕೋಟಾದಲ್ಲಿ ಬೀಜ-ಗೊಬ್ಬರದ ಅಂಗಡಿ. ಗಂಡ ಸಂಗನಬಸವ ದ್ರಾಕ್ಷಿ ತೋಟಗಳನ್ನು ಸುತ್ತಿ ಔಷಧದ ಆರ್ಡರು ಹಿಡಿದು ತಂದರೆ, ಗಲ್ಲಾಪೆಟ್ಟಿಗೆಯ ಮುಂದೆ ಕೂಡುವವಳು ಈಕೆ. ಗಿರಾಕಿ ಇಲ್ಲದಾಗ ಪೆಟ್ಟಿಗೆಯ ಹಿಂದಿನಿಂದ ಪುಸ್ತಕ ಹೊರಬರುತ್ತಿತ್ತು. ಓದುತ್ತಿದ್ದುದೆಲ್ಲ ಐತಿಹಾಸಿಕ ಕಾದಂಬರಿ. ಓದಿ ಮುಗಿಸಿದ್ದೇ ವಿಜಯಪುರದ ಒಂದು ಮಾಸಪತ್ರಿಕೆಗೆ ವಿಮರ್ಶೆ ಬರೆಯುತ್ತಿದ್ದಳು. ಅದಕ್ಕೆ ಲೇಖಕರು ಅಂಜುತ್ತಿದ್ದರು. ಈ ಸೀಮೆಯಲ್ಲಿ ಆಲೂಗಡ್ಡೆಯನ್ನೇ ಬೆಳೆಯದಿದ್ದ ಕಾಲದ ಆದಿಲಶಾಹಿ ಸೈನಿಕನಿಗೆ ಆಲೂಗಡ್ಡೆ ಪಲ್ಯ ಬಡಿಸಿದ ಒಬ್ಬ ಲೇಖಕನನ್ನು ಎರಡು ಪುಟ ಜಾಡಿಸಿದ್ದಳು. "ಇದಕ್ಕೆ ಆಧಾರ ಎಲ್ಲಿದೆ?" ಎಂಬುದು ಆಕೆಯ ಖಾಯಂ ಪ್ರಶ್ನೆ.

ಇಂಥ ವಿದ್ಯಾವತಿ ತಾನೇ ಒಂದು ಕಾದಂಬರಿ ಬರೆದಳು. ಹಿಂದೊಮ್ಮೆ ಹೊನವಾಡಕ್ಕೆ ಹೋದಾಗ ಊರ ಹೊರಗೆ ಕಲ್ಲು ಕಟ್ಟಿದ ಹಳೆಯ ಬಾವಿ ನೋಡಿದ್ದಳು. ಅದನ್ನು ಕಟ್ಟಿಸಿದವರು ಯಾರೆಂದು ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಆ ಬಾವಿಗೆ ಆಕೆ ಪರಸವ್ವ ಎಂಬ ಕುರಿಗಾರ ಹೆಣ್ಣುಮಗಳನ್ನು ಹುಟ್ಟಿಸಿದಳು. ಕುರಿ ಮೇಯಿಸುತ್ತ ನೀರಿನ ಸೆಲೆ ಕಂಡುಹಿಡಿದವಳು ಪರಸವ್ವ. ಅದೇ ನೀರನ್ನು ತನ್ನ ಜನಕ್ಕೆ ಕೊಡದ ಹೊನವಾಡದ ಗೌಡನ ಎದುರು ನಿಂತಳು. ಅವನು ಆಕೆಯನ್ನು ಅದೇ ಬಾವಿಗೆ ದೂಡಿ ಕೊಂದ. ಪರಸವ್ವ, ಗೌಡ, ಕೊಲೆ, ಎಲ್ಲವೂ ವಿದ್ಯಾವತಿಯ ತಲೆಯೊಳಗೆ ಹುಟ್ಟಿದ್ದು. ಬಬಲೇಶ್ವರದಲ್ಲಿ ಪುಸ್ತಕ ಬಿಡುಗಡೆಯಾದ ದಿನ ಮಾತಾಡಿದವರೊಬ್ಬರು, "ಇದು ಕಥೆಯಲ್ಲ, ಮುಚ್ಚಿಹೋಗಿದ್ದ ಇತಿಹಾಸ!" ಎಂದು ಮೇಜು ಗುದ್ದಿದರು. ಹಾಗಲ್ಲ ಎನ್ನಬೇಕೆಂದು ಆಕೆಯ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಕೇಳಲು ಹಿತವಾಗಿತ್ತು, ಸುಮ್ಮನಾದಳು.

ಮುಂದಿನ ಬೇಸಿಗೆಯಲ್ಲಿ ಹೊನವಾಡದ ಕುರಿಗಾರ ತುಕಾರಾಮ ಅಂಗಡಿಗೆ ಬಂದ. ಬೀಜ ಕೇಳಲಿಲ್ಲ, ಮೊಬೈಲಿನಲ್ಲಿದ್ದ ಫೋಟೊ ಮುಂದೆ ಹಿಡಿದ. ಊರ ಕುರಿಗಾರರು ಬಾವಿಯ ಪಕ್ಕ ಹೊಸ ಕಲ್ಲು ನೆಟ್ಟು, ಭಂಡಾರದ ಅರಿಶಿನ ಹಚ್ಚಿ, ಹೂವು ಏರಿಸಿದ್ದರು. ಕಲ್ಲಿನ ಮೇಲೆ 'ಗೌಡನಿಂದ ಹತಳಾದ ವೀರಮಾತೆ ಪರಸವ್ವ' ಎಂದು ಕೊರೆದಿತ್ತು.

"ನಿಮ್ಮ ಪುಸ್ತಕ ಓದಿಸಿ ಕೇಳಿದ್ವಿರಿ ಅಕ್ಕಾರ. ನಮ್ಮ ಮಂದೀ ಸುದ್ದಿ ಇಷ್ಟು ದಿನಾ ಯಾರೂ ಪುಸ್ತಕದಾಗ ಬರದಿದ್ದಿಲ್ಲ," ಎಂದ ತುಕಾರಾಮ, ಕಣ್ಣೊರೆಸಿಕೊಂಡ.

ವಿದ್ಯಾವತಿ ಚಹಾ ತರಿಸಿದಳು. ಹೇಳಬೇಕಾದ ಮಾತು ಚಹಾದ ಜೊತೆ ಹೊಟ್ಟೆಯೊಳಗೆ ಇಳಿಯಿತು. ಅಂದಿನಿಂದ ಆಕೆಗೆ ಕುಳಿತಲ್ಲಿ ಕೂಡಲಾಗಲಿಲ್ಲ. ವಿಮರ್ಶೆಗೆಂದು ಬಂದ ಪುಸ್ತಕ ತೆರೆದರೆ ಅಕ್ಷರ ಕಾಣುತ್ತಿರಲಿಲ್ಲ, ಆ ಕಲ್ಲು ಕಾಣುತ್ತಿತ್ತು.

ಸ್ವಲ್ಪ ದಿನಕ್ಕೆ ಅದೇ ಊರಿನ ಗೌಡರ ಮನೆಯ ಸೊಸೆ ಅನುರಾಧಾ ಬಂದಳು.

"ಜಗಳಾಡಾಕ ಬಂದಿಲ್ರಿ. ನಮ್ಮ ಅತ್ತಿ ಗುರುಬಸವ್ವಾರು ದಿನಾ ಮುಂಜಾನೆ ಆ ಕಲ್ಲಿನ ಮುಂದ ಹೋಗಿ, ತಪ್ಪಾತವ್ವಾ ಅಂತ ನೆಲಕ್ಕ ಹಣಿ ಹಚ್ಚಾಕತ್ತಾರ. ನಮ್ಮ ಮನಿತನದ ಪಾಪ ಅಂತ ಒಪ್ಪತ್ತು ಊಟ ಹಿಡದಾರ. ವಯಸ್ಸಾದ ಜೀವರಿ ಅದು. ಒಂದ ಮಾತು ಹೇಳ್ರಿ, ಇದು ಖರೇನ ಆಗಿದ್ದೇನು?"

"ಇಲ್ರಿ," ಎಂದಳು ವಿದ್ಯಾವತಿ. ಆ ಮಾತನ್ನು ಆಕೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಹಂಗಾದ್ರ ನೀವ ಬಂದು ಹೇಳ್ರಿ. ನಾವು ಹೇಳಿದ್ರ, ಗೌಡ್ರು ಮುಚ್ಚಾಕತ್ತಾರ ಅಂತಾರ."

ಸಂಗನಬಸವನಿಗೆ ಇದೆಲ್ಲ ಅತಿ ಅನ್ನಿಸಿತು. "ಮುಖಪುಟದ ಮ್ಯಾಲ ಕಾದಂಬರಿ ಅಂತ ಬರದೈತಿ. ನಿಂದೇನ ತಪ್ಪು ಬೇ?"

ತಪ್ಪಿಲ್ಲ ಎಂದು ಆಕೆಗೂ ಅನ್ನಿಸುತ್ತಿತ್ತು. ಆದರೂ ಮರುದಿನ ಅಂಗಡಿಯನ್ನು ಅವನಿಗೆ ಒಪ್ಪಿಸಿ ಹೊನವಾಡದ ಬಸ್ಸು ಹತ್ತಿದಳು. ಬಾವಿಯ ಹತ್ತಿರ ಗುರುಬಸವ್ವ ಸೆರಗು ಹೊದ್ದು ಕುಳಿತಿದ್ದಳು. ಸುದ್ದಿ ತಿಳಿದು ತುಕಾರಾಮನೂ ಬಂದ. ವಿದ್ಯಾವತಿ ಇಬ್ಬರ ಮುಂದೆಯೂ ಹೇಳಿದಳು: "ಪರಸವ್ವ ಅನ್ನಾಕಿ ಇದ್ದಿಲ್ರಿ. ನಾನ ಹುಟ್ಟಿಸೇನಿ. ಗೌಡನ್ನೂ ನಾನ ಹುಟ್ಟಿಸೇನಿ."

ತುಕಾರಾಮನ ಮುಖ ಕಪ್ಪಿಟ್ಟಿತು. "ರಾಜಾ, ಸರದಾರ, ಅವ್ರ ಕುದರಿ ಸೈತ ಇತಿಹಾಸ. ನಮ್ಮಾಕಿ ಬಂದ್ರ ಮಾತ್ರ ಕಲ್ಪನಾ ಏನ್ರಿ?"

ಇಷ್ಟು ವರ್ಷ ಎಲ್ಲ ಲೇಖಕರಿಗೂ ಆಧಾರ ಕೇಳಿದ ವಿದ್ಯಾವತಿಗೆ, ಆಧಾರ ಬರೆದಿಡುವವರು ಯಾರು, ಯಾರದನ್ನು ಬರೆದಿಡುತ್ತಾರೆ ಎಂಬ ಯೋಚನೆ ಬಂದಿರಲೇ ಇಲ್ಲ.

ಗುರುಬಸವ್ವ ಮೆಲ್ಲಗೆ ಕೇಳಿದಳು: "ನೀ ಹುಟ್ಟಿಸೀ ಅಂದ್ರ ಆತಲ್ಲ. ಇಂಥಾದ್ದು ಎಂದೂ ಆಗೇ ಇಲ್ಲ ಅಂತ ಆಣಿ ಮಾಡ್ತೀಯೇನು ತಂಗಿ?"

"ಅದನ್ನ ಹೆಂಗ ಹೇಳ್ಲಿರಿ ಅಮ್ಮಾರ? ನನಗ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಅದಕ್ಕ ದಿನಾ ಇಲ್ಲಿಗೆ ಬರ್ತೇನಿ," ಎಂದಳು ಮುದುಕಿ. ಅನುರಾಧಾ ಬಂದು ಅತ್ತೆಯನ್ನು ಎಬ್ಬಿಸಿಕೊಂಡು ಹೋದಳು. ತುಕಾರಾಮ ಆಗಲೇ ಬೆನ್ನು ತಿರುಗಿಸಿ ನಡೆದಿದ್ದ.

ಆ ತಿಂಗಳ ಪತ್ರಿಕೆಗೆ ವಿದ್ಯಾವತಿ ತನ್ನದೇ ಕಾದಂಬರಿಯ ವಿಮರ್ಶೆ ಬರೆದು ಕಳಿಸಿದಳು. ಯಾವ ಪಾತ್ರ, ಯಾವ ಘಟನೆ ಕಲ್ಪಿತ ಎಂದು ಬಿಡಿಸಿ ಹೇಳಿದಳು. ಇರುವ ಊರಿನ ಹೆಸರಿಟ್ಟು, ಆ ಊರಿನಲ್ಲಿ ಒಂದೇ ಇರುವ ಗೌಡರ ಮನೆತನದ ತಲೆಗೆ ಕೊಲೆ ಕಟ್ಟಿದ್ದು ಲೇಖಕಿಯ ಅಜಾಗರೂಕತೆ ಎಂದಳು. ಸಭೆಯಲ್ಲಿ ಅದನ್ನು ಇತಿಹಾಸವೆಂದು ಹೊಗಳಿದಾಗ ಬಾಯಿ ಮುಚ್ಚಿಕೊಂಡದ್ದು ಅದಕ್ಕಿಂತ ದೊಡ್ಡ ತಪ್ಪು ಎಂದಳು. ಕೊನೆಗೆ ತುಕಾರಾಮನ ಪ್ರಶ್ನೆಯನ್ನು ಅವನ ಹೆಸರಿನಲ್ಲೇ ಹಾಕಿ, ಇದಕ್ಕೆ ವಿಮರ್ಶಕಿಯ ಬಳಿ ಉತ್ತರವಿಲ್ಲ ಎಂದು ಬರೆದಳು. ಕೆಲವರು ಇದು ಪ್ರಚಾರದ ಹೊಸ ದಾರಿ ಎಂದು ನಕ್ಕರು. ಆಲೂಗಡ್ಡೆ ಲೇಖಕ ಫೋನು ಮಾಡಿ, "ಈಗ ಗೊತ್ತಾತಿಲ್ರಿ?" ಎಂದಷ್ಟೇ ಹೇಳಿ ಇಟ್ಟ.

ಗುರುಬಸವ್ವ ಒಪ್ಪತ್ತು ಬಿಟ್ಟಳು. ಬಾವಿಗೆ ಹೋಗುವುದನ್ನು ಬಿಡಲಿಲ್ಲ. ಕಲ್ಲೂ ಅಲ್ಲೇ ಉಳಿಯಿತು. 'ಗೌಡನಿಂದ ಹತಳಾದ' ಎಂಬ ಮಾತನ್ನು ಮಾತ್ರ ಯಾರೋ ಉಳಿಯಿಂದ ಕೆತ್ತಿ ತೆಗೆದಿದ್ದರು. ತುಕಾರಾಮನೇ ತೆಗೆದನೆಂದು ಅನುರಾಧಾ ಹೇಳಿದಳು. ವಿದ್ಯಾವತಿಗೆ ಅವನನ್ನು ಕೇಳುವ ಧೈರ್ಯ ಆಗಲಿಲ್ಲ.

ಮಳೆಗಾಲ ಹಿಡಿದ ಮೇಲೆ ಅವನು ತೊಗರಿ ಬೀಜಕ್ಕೆ ಬಂದ. ಚೀಲ ಹೆಗಲಿಗೇರಿಸಿ, ಹೊರಟವನು ನಿಂತ.

"ಇನ್ನೊಂದು ಬರಿಯಾಕತ್ತೀರಂತ?"

"ಕೂತೇನ್ರಿ. ಒಂದ ಪುಟಾನೂ ಆಗವಲ್ದು."

"ಹೋದ ಸಲ ನಮ್ಮನ್ನ ಒಂದ ಮಾತು ಕೇಳಲಾರದ ಬರದ್ರಿ," ಎಂದ ಅವನು, ಸಿಟ್ಟಿನಲ್ಲೇ. "ನಮ್ಮ ಅವ್ವ ಬೋರವ್ವಗ ಹಳೇದು ಭಾಳ ನೆನಪೈತಿ. ಹೇಳ್ತಾಳೋ ಇಲ್ಲೋ, ನನಗ ಗೊತ್ತಿಲ್ಲ. ಬರೂದಿದ್ರ ಬರ್ರಿ."

ರವಿವಾರ ವಿದ್ಯಾವತಿ ಹೊನವಾಡದ ಬಸ್ಸಿನಲ್ಲಿ ಕುಳಿತಿದ್ದಳು. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಳು, ಕೆಡಿಸಿದಳು. ಊರು ಬಂದಾಗ ಒಂದು ಪ್ರಶ್ನೆಯೂ ಸರಿಯಾಗಿ ಕೂಡಿರಲಿಲ್ಲ. ಹಾಗೇ ಇಳಿದಳು.