ನಮ್ಮದು ಅಂತ ಹೇಳಿ ಕೊಟ್ಟ ಕೋಣೆ

ಆಗೆಲ್ಲ ಸರಸ್ವತಿಪುರಂನ ನಮ್ಮ ಶಾಲೆಯಲ್ಲಿ ಯಾವ ಕ್ಲಾಸಿಗೆ ಕಾಲಿಟ್ಟರೂ ಮಧ್ಯಾಹ್ನದ ಹೊತ್ತು ಒಂದೇ ವಾಸನೆ: ಪುಳಿಯೋಗರೆ, ಸೀಮೆಸುಣ್ಣ, ಬಯಲಿನಲ್ಲಿ ಆಡಿ ಬಂದವರ ಬೆವರು. ಅಂಥ ಶಾಲೆಯಲ್ಲಿ ಓದಿದ ನಿಮಗೂ ಅದು ಮೂಗಿಗೆ ಬಡಿಯುತ್ತಿರಬಹುದು. ಎಂಟನೇ ಕ್ಲಾಸಿನ ನಮ್ಮ ಕೋಣೆಯಲ್ಲಿ ಇದರ ಜೊತೆ ಇನ್ನೊಂದು ಸೇರಿಕೊಂಡಿತ್ತು. ಯಾರೋ ಡೆಸ್ಕಿನೊಳಗೆ ಸೀಬೆಹಣ್ಣು ಬಿಟ್ಟು ದಸರಾ ರಜೆಗೆ ಹೋಗಿದ್ದರು.

ರಜೆ ಮುಗಿದ ಮೊದಲ ದಿನ ವಸಂತಾ ಮೇಡಂ ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡರು. ಅವರು ನಮ್ಮ ಕ್ಲಾಸ್ ಟೀಚರ್. ಇಡೀ ಶಾಲೆಯಲ್ಲಿ ಕೈಗೆ ಸ್ಕೇಲು ತೆಗೆದುಕೊಳ್ಳದವರು ಅವರೊಬ್ಬರೇ. ಅದಕ್ಕೇ ಅವರೆಂದರೆ ನಮಗೆ ಪ್ರಾಣ.

"ಇವತ್ತಿಂದ ಗುಡಿಸೋರು ಈ ರೂಮಿಗೆ ಬರಲ್ಲ," ಅಂದರು. "ನಾನೂ ಬೈಯಲ್ಲ, ಯಾರನ್ನೂ ಹೊರಗೆ ನಿಲ್ಸಲ್ಲ. ಇದು ನಿಮ್ಮ ರೂಮು. ಗಲೀಜು ಮಾಡಿದ್ರೆ ಗಲೀಜಲ್ಲೇ ಕೂರ್ತೀರಿ. ಚೊಕ್ಕಟವಾಗಿಟ್ರೆ ಚೊಕ್ಕಟದಲ್ಲೇ ಕೂರ್ತೀರಿ. ಅಷ್ಟೇ ಕಣ್ರೋ."

ಹಿಂದಿನ ಬೆಂಚಿನಿಂದ ಕುಂಬಾರಕೊಪ್ಪಲಿನ ಕಿರಣ ಕೂಗಿದ: "ಎಂಗಾದ್ರೂ ಇರ್ಲಿ ಬುಡಿ ಮೇಡಂ, ನಾವು ಅಡ್ಜಸ್ಟ್ ಮಾಡ್ಕೋತೀವಿ!"

ನಾವೆಲ್ಲ ನಕ್ಕೆವು. ಮೇಡಮ್ಮೂ ನಕ್ಕರು.

ಅಡ್ಜಸ್ಟ್ ಮಾಡಿಕೊಂಡೆವು ಕೂಡ. ಮಧ್ಯಾಹ್ನ ಪರೀಕ್ಷೆಯ ಪ್ಯಾಡನ್ನೇ ಬ್ಯಾಟು ಮಾಡಿ, ಕಾಗದದ ಉಂಡೆಯಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ಚೆಂಡು ಬಿದ್ದಲ್ಲೇ ಬಿದ್ದಿರುತ್ತಿತ್ತು. ಕಡಲೆಕಾಯಿ ಸಿಪ್ಪೆ, ಪೆನ್ಸಿಲ್ ಹೊಟ್ಟು, ಡಬ್ಬಿಯಿಂದ ಚೆಲ್ಲಿದ ಅನ್ನ ಎಲ್ಲ ಬೆಂಚಿನ ಕೆಳಗೆ ಸೇರುತ್ತಿತ್ತು. ಮೊದಲು ಇರುವೆ ಬಂತು. ಮೇಡಂ ಸೆರಗು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಸ ದಾಟಿಕೊಂಡು ಹೋಗಿ ಪಾಠ ಶುರುಮಾಡುತ್ತಿದ್ದರು.

ಆಮೇಲೆ ಇಲಿ ಬಂತು.

ನನ್ನ ಪಕ್ಕ ಕೂರುತ್ತಿದ್ದವಳು ನಂದಿನಿ. ಅವಳ ಅಪ್ಪನಿಗೆ ದೇವರಾಜ ಮೊಹಲ್ಲಾದಲ್ಲಿ ಬಟ್ಟೆ ಅಂಗಡಿ. ಚಿತ್ರದ ಸ್ಪರ್ಧೆಗೆಂದು ಅವಳು ಮಾರ್ಕೆಟ್ಟಿನ ಹೂವಿನ ಸಾಲನ್ನು ಬಣ್ಣದಲ್ಲಿ ಬರೆದಿದ್ದಳು. ಸೇವಂತಿಗೆಯ ರಾಶಿ ಎಷ್ಟು ಚೆನ್ನಾಗಿತ್ತೆಂದರೆ ಮುಟ್ಟಿದರೆ ಕೈ ಒದ್ದೆಯಾಗುತ್ತದೆ ಅನ್ನಿಸುತ್ತಿತ್ತು. ಒಣಗಲಿ ಎಂದು ಕ್ಲಾಸಿನ ಬೀರುವಿನ ಮೇಲಿಟ್ಟಿದ್ದಳು. ಬೆಳಿಗ್ಗೆ ನೋಡಿದರೆ ಸೇವಂತಿಗೆ ಇದ್ದ ಜಾಗದಲ್ಲಿ ತೂತು. ಅವಳು ಅಳಲಿಲ್ಲ. ಹಾಳೆಯನ್ನು ಎತ್ತಿ ಹಿಡಿದು ಆ ತೂತಿನಿಂದ ನಮ್ಮನ್ನೆಲ್ಲ ನೋಡಿದಳು.

ನಾನು ಮೇಡಂ ಹತ್ತಿರ ಓಡಿದೆ. "ನೀವೇ ಏನಾದ್ರೂ ಮಾಡಿ ಮೇಡಂ."

"ಇಲಿ ಯಾಕೆ ಬಂತು ಚೈತ್ರಾ?" ಎಂದು ಮೆತ್ತಗೆ ಕೇಳಿದರು.

ಅವತ್ತು ಸಂಜೆ ಬೆಲ್ಲು ಹೊಡೆದರೂ ಯಾರೂ ಮನೆಗೆ ಹೊರಡಲಿಲ್ಲ. ಯಾರೋ ಪೊರಕೆ ತಂದರು, ಯಾರೋ ಬಕೆಟ್ಟು. ಕಿರಣ ತನ್ನ ಡೆಸ್ಕಿನೊಳಗೆ ಕೈಹಾಕಿ, ಎರಡೇ ಬೆರಳಲ್ಲಿ ಕಪ್ಪಗಾದ ಏನನ್ನೋ ಹೊರಕ್ಕೆ ತೆಗೆದ. "ಲೇ, ಸೀಬೆಹಣ್ಣು ನಂದೇ ಕಣ್ರೋ!" ನಂದಿನಿ ಕೂಡ ನಕ್ಕುಬಿಟ್ಟಳು.

ಆ ಚಳಿಗಾಲವಿಡೀ ನಾವು ಆ ಕೋಣೆಯನ್ನು ಕಟ್ಟಿಕೊಂಡೆವು. ಸರದಿಯ ಮೇಲೆ ಗುಡಿಸುವುದು, ಸರದಿ ತಪ್ಪಿಸಿದವರ ಜೊತೆ ಜಗಳ, ಸಂಜೆಗೆ ರಾಜಿ. ಸಂಕ್ರಾಂತಿ ಕಳೆದ ಮೇಲೆ ನಂದಿನಿಯ ಅಪ್ಪ ಅಂಗಡಿಯಲ್ಲಿ ಉಳಿದಿದ್ದ ಹಳದಿ ಬಟ್ಟೆ ಕೊಟ್ಟರು. ಅವಳ ಅಮ್ಮ ಅದರಲ್ಲಿ ಪರದೆ ಹೊಲಿದರು. ಕಿರಣನ ಮಾವ ಪೇಂಟ್ ಕೆಲಸದವರು. ಅವರಿಂದ ತಂದ ತಿಳಿನೀಲಿ ಬಣ್ಣವನ್ನು ಕಿಟಕಿಯ ಎತ್ತರದವರೆಗೆ ನಾವೇ ಬಳಿದೆವು. "ಇನ್ನೊಂಚೂರು ಬಿಳಿ ಬೆರೆಸಿ, ಬೆಳಕು ಬರುತ್ತೆ," ಎಂದು ಮೇಡಮ್ಮೇ ಪಕ್ಕದಲ್ಲಿ ನಿಂತು ಹೇಳಿದರು. ಚಪ್ಪಲಿ ಹೊರಗೆ ಬಿಟ್ಟು, ತಣ್ಣನೆಯ ಕೆಂಪು ನೆಲದ ಮೇಲೆ ವೃತ್ತವಾಗಿ ಕೂತು ಅವರೆಕಾಳು ಉಪ್ಪಿಟ್ಟು ಹಂಚಿಕೊಂಡು ತಿನ್ನುತ್ತಿದ್ದೆವು. ಒಂದು ಕಾಳು ಬಿದ್ದರೂ ಬೀಳಿಸಿದವರೇ ಎತ್ತುತ್ತಿದ್ದರು. ನಮ್ಮ ಮನೆಯಲ್ಲಿ ಇದ್ದದ್ದು ಎರಡೇ ಕೋಣೆ. ಅಜ್ಜಿ, ತಮ್ಮ, ನಾನು ಒಂದೇ ಕಡೆ ಮಲಗುತ್ತಿದ್ದೆವು. ನನಗೆ ಅಂತ ಒಂದು ಮೂಲೆಯೂ ಇರಲಿಲ್ಲ. ಅಜ್ಜಿಯ ಹತ್ತಿರ ನಾನು "ನಮ್ಮ ರೂಮು" ಎಂದರೆ ಅದು ಆ ಕ್ಲಾಸೇ ಎಂದು ಅವಳಿಗೂ ಅಭ್ಯಾಸವಾಗಿಹೋಗಿತ್ತು.

ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಒಂದು ಶನಿವಾರ ಮೇಡಂ ಹೇಳಿದರು, "ಇವತ್ತು ನೆಲ ಚೆನ್ನಾಗಿ ಉಜ್ಜಿಬಿಡಿ, ಗಾಜು ಒರೆಸಿ. ಸೋಮವಾರ ಯಾಕೆ ಅಂತ ಗೊತ್ತಾಗುತ್ತೆ."

ಬಹುಮಾನ ಇರಬೇಕು ಅಂದುಕೊಂಡೆವು. ಮೊಣಕೈ ಉರಿಯುವ ತನಕ ಉಜ್ಜಿದೆವು. ಮೇಡಂ ಎಲ್ಲರಿಗೂ ಪೊಟ್ಟಣದಲ್ಲಿ ಚುರುಮುರಿ ತರಿಸಿಕೊಟ್ಟರು. "ಬಂಗಾರದಂಥ ಮಕ್ಕಳು ಕಣ್ರೋ ನೀವು," ಎಂದು ನನ್ನ ತಲೆ ಸವರಿದರು.

ಸೋಮವಾರ ಶಾಲೆಯ ಕಾರ್ಯದರ್ಶಿಗಳು ಬಂದರು. ಸುತ್ತ ಒಮ್ಮೆ ನೋಡಿ, ಪರದೆ ಮುಟ್ಟಿ, ನಮ್ಮೆದುರಿಗೇ ಮೇಡಂಗೆ ಹೇಳಿದರು: "ಭೇಷ್! ಅಡ್ಮಿಷನ್ನಿಗೆ ಬರೋ ಪೇರೆಂಟ್ಸನ್ನ ಕೂರ್ಸೋಕೆ ಒಂದು ರೂಮು ಬೇಕು ಅಂತ ಸಂಕ್ರಾಂತಿಗೆ ಮುಂಚೇನೇ ಹೇಳಿದ್ದೆ. ಒಳ್ಳೇ ರೆಡಿ ಮಾಡ್ಸಿದ್ದೀರಿ. ಮಕ್ಕಳನ್ನ ಇವತ್ತೇ ಹಿಂದಿನ ಶೆಡ್ಡಿಗೆ ಕಳಿಸಿಬಿಡಿ."

ಸಂಕ್ರಾಂತಿಗೆ ಮುಂಚೆ. ಪರದೆ ಬಂದದ್ದು ಅದಾದ ಮೇಲೆ. ಬಣ್ಣ ಬಳಿದದ್ದೂ ಆಮೇಲೆ. ಅಂದರೆ ಬಿಳಿ ಬೆರೆಸಿ ಎಂದು ಹೇಳುವಾಗ ಮೇಡಂಗೆ ಗೊತ್ತಿತ್ತು. ನನ್ನ ತಲೆ ಸವರುವಾಗಲೂ ಗೊತ್ತಿತ್ತು. ಎದ್ದು ನಿಂತೆ.

"ಮೇಡಂ, ಚೊಕ್ಕಟವಾಗಿಟ್ರೆ ಚೊಕ್ಕಟದಲ್ಲೇ ಕೂರ್ತೀರಿ ಅಂದಿದ್ರಲ್ಲ?"

ಕಾರ್ಯದರ್ಶಿಗಳು ನಕ್ಕರು. "ಯಾರಮ್ಮ ಇದು, ಲಾಯರಮ್ಮ?"

ಮೇಡಂ ಮುಖ ಕೆಂಪಾಯಿತು. "ದೊಡ್ಡೋರು ಮಾತಾಡ್ವಾಗ ಮಧ್ಯೆ ಬಾಯಿ ಹಾಕ್ಬೇಡ. ಬೆಂಚ್ ಎತ್ತು."

ಅವರು ನನ್ನನ್ನು ಗದರಿಸಿದ್ದು ಅದೇ ಮೊದಲು.

ಬೆಂಚು ಎತ್ತಿದೆವು. ನಂದಿನಿ ಸ್ಟೂಲಿನ ಮೇಲೆ ಹತ್ತಿ ಪರದೆ ಬಿಚ್ಚಲು ಕೈ ಹಾಕಿದಳು. "ಅದು ಅಲ್ಲೇ ಇರ್ಲಿ ಮಗು, ಚೆನ್ನಾಗಿದೆ," ಅಂದರು ಕಾರ್ಯದರ್ಶಿಗಳು. ಅವಳು ಮೇಡಂ ಕಡೆ ನೋಡಿದಳು. ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು. ನಂದಿನಿ ಕೆಳಗಿಳಿದಳು.

ಶೆಡ್ಡು ಇದ್ದದ್ದು ಶೌಚಾಲಯದ ಪಕ್ಕದಲ್ಲಿ. ತಗಡಿನ ಸೂರು. ಅಲ್ಲಿ ಯಾರೂ ಪೊರಕೆ ಹಿಡಿಯಲಿಲ್ಲ. ಹೀಗೆ ಮಾಡೋಣ ಎಂದು ಯಾರೂ ಮಾತಾಡಿಕೊಳ್ಳಲೂ ಇಲ್ಲ. ಕೆಲವೇ ದಿನಗಳಲ್ಲಿ ಕಸ ಪಾದ ಮುಚ್ಚುವಷ್ಟಾಯಿತು. ಮೇಡಂ ಬಾಗಿಲಲ್ಲಿ ನಿಂತರು.

"ಏನ್ರೋ ಇದು, ಇಷ್ಟು ಬೇಗ ಮರೆತ್ರಾ? ಯಾರ ರೂಮು ಇದು?"

ಕಿರಣ ಎದ್ದು ನಿಲ್ಲಲೂ ಇಲ್ಲ. "ನಿಮ್ದೇ ಮೇಡಂ. ಯಾವಾಗ್ ಬೇಕಾದ್ರೂ ತಕ್ಕೊಂಡೋಗ್ಬುಡಿ."

ಆ ಸಲ ಯಾರೂ ನಗಲಿಲ್ಲ. ಮೇಡಂ ಪಾಠ ಶುರುಮಾಡಿದರು. ಸಂಜೆ ನನ್ನೊಬ್ಬಳನ್ನೇ ಸ್ಟಾಫ್ ರೂಮಿಗೆ ಕರೆದರು. ಅಲ್ಲಿ ಬೇರೆ ಯಾರೂ ಇರಲಿಲ್ಲ.

"ನನ್ ಕೈಲಿ ಏನಿತ್ತು ಚೈತ್ರಾ? ಅವರು ಕೇಳಿದ್ರು, ಕೊಡಬೇಕಾಯ್ತು."

"ನಮಗೆ ಹೇಳ್ಬಹುದಿತ್ತು ಮೇಡಂ."

ಮೇಡಂ ಬಳೆಯ ಮೇಲಿನ ಸೀಮೆಸುಣ್ಣ ಒರೆಸಿದರು. "ಹೇಳಿದ್ದಿದ್ರೆ ನೀವು ಮಾಡ್ತಿರ್ಲಿಲ್ಲ ಕಣಮ್ಮ."

ಮಾಡುತ್ತಿದ್ದೆವೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ಕೇಳಿದ್ದರೆ ಗೊತ್ತಾಗುತ್ತಿತ್ತು. ಕೋಣೆ ಹೋದದ್ದಕ್ಕಿಂತ ಈ ಮಾತೇ ಹೆಚ್ಚು ನೋಯಿಸಿತು. ನಮ್ಮನ್ನು ಅಷ್ಟೊಂದು ನಂಬಿದ್ದಾರೆಂದು ನಾವು ತಿಳಿದಿದ್ದ ಒಬ್ಬರೇ ಒಬ್ಬರು ನಮ್ಮನ್ನು ನಂಬಿಯೇ ಇರಲಿಲ್ಲ.

ಮುಂದಿನ ವರ್ಷ ಬೇರೆ ಟೀಚರ್, ಬೇರೆ ಕೋಣೆ. ವಸಂತಾ ಮೇಡಂ ಎದುರು ಸಿಕ್ಕರೆ ನಮಸ್ತೆ ಹೇಳುತ್ತಿದ್ದೆ. ನಿಲ್ಲುತ್ತಿರಲಿಲ್ಲ.

ಈಗ ನಾನಿರುವ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಎಲ್ಲರೂ ಸೇರಿ ಟೆರೇಸು ಗುಡಿಸುತ್ತೇವೆ. "ಇದು ನಮ್ಮೆಲ್ಲರದ್ದು ಕಣ್ರೀ, ಬನ್ನಿ," ಎಂದು ಪಕ್ಕದ ಮನೆಯವರು ಕರೆಯುತ್ತಾರೆ. ನಾನು ತಪ್ಪದೆ ಹೋಗುತ್ತೇನೆ. ಮೂಲೆಮೂಲೆಯ ಧೂಳು ತೆಗೆಯುತ್ತೇನೆ. ಮೇಡಂ ಕಲಿಸಿದ ಪಾಠದ ಅರ್ಧ ನನ್ನ ಕೈಯಲ್ಲಿ ಹಾಗೇ ಉಳಿದಿದೆ. ಇನ್ನರ್ಧ ಆ ಶೆಡ್ಡಿನಲ್ಲೇ ಉಳಿಯಿತು. ಅಪಾರ್ಟ್‌ಮೆಂಟಿನ ಉಳಿದವರೆಲ್ಲ ತಮ್ಮ ಮನೆಯಿಂದ ಒಂದೊಂದು ಹೂವಿನ ಕುಂಡ ತಂದು ಟೆರೇಸಿನಲ್ಲಿ ಇಟ್ಟಿದ್ದಾರೆ. ಪಕ್ಕದ ಮನೆಯ ಪುಟ್ಟಿ ನೀರು ಹಾಕುತ್ತಾ ಪ್ರತಿ ವಾರ ಕೇಳುತ್ತಾಳೆ:

"ಆಂಟಿ, ನಿಮ್ಮ ಗಿಡ ಯಾವ್ದು?"

"ತರ್ತೀನಿ ಕಣೇ," ಅನ್ನುತ್ತೇನೆ.

ಈ ವಾರವೂ ಹಾಗೇ ಅಂದೆ.