ಧೂಳು ಕೂರದ ಮಂಡಿ

ಇಸ್ಮಾಯಿಲಿಯಾದ ನಮ್ಮ ಬೀದಿಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಬದವಿಯವರು ಒಂದೂವರೆ ವರ್ಷದಿಂದ ಬೆರಳುದ್ದದ ಸೈನಿಕ ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದರು. ಒಟ್ಟು ಮೂವತ್ತೊಂದು ಮಂದಿ, ಯುದ್ಧದಲ್ಲಿ ಕಾಲುವೆ ದಾಟಿದ ಅವರ ತುಕಡಿ. ಮೊದಲು ಕಪ್ಪು, ಅದರ ಮೇಲೆ ಖಾಕಿ, ಬಟ್ಟೆಯ ಮಡಿಕೆಗಳಲ್ಲಿ ನೀರು ಬೆರೆಸಿದ ಕಂದು, ಆಮೇಲೆ ಒರೆಸಿದ ಒಣ ಕುಂಚದಿಂದ ಅಂಚುಗಳಿಗೆ ಮಾತ್ರ ಒಂದು ಸವರು. ಕೊನೆಗೆ ಧೂಳು. ಆಚೆ ದಡದ ಮರಳನ್ನು ಅರೆದು, ಹೆಂಡತಿ ಸನಿಯ್ಯಾ ಅವರ ಹಳೆಯ ತಲೆವಸ್ತ್ರದಲ್ಲಿ ಸೋಸಿಟ್ಟುಕೊಂಡಿದ್ದರು. "ಹೊಸ ಬಟ್ಟೆ ಹಾಕ್ಕೊಂಡು ಯಾರೂ ಯುದ್ಧ ಮಾಡಲ್ಲ" ಎನ್ನುತ್ತಿದ್ದರು.

ನಡುವೆ ಒಬ್ಬ ಮಂಡಿಯೂರಿ ಕೂತಿದ್ದ. ಅವನ ತೊಡೆಯ ಮೇಲೆ ಇನ್ನೊಬ್ಬನ ತಲೆ. ಕೂತವನು ಬದವಿ, ಮಲಗಿದವನು ಗೆಳೆಯ ಹಿಲಾಲ್. ಆ ಕಥೆ ಬೀದಿಗೆಲ್ಲ ಗೊತ್ತಿತ್ತು. ಹಿಲಾಲ್ ಬದವಿಯವರ ತೊಡೆಯ ಮೇಲೆಯೇ ಪ್ರಾಣ ಬಿಟ್ಟಿದ್ದ; ಆ ಹೆಸರನ್ನೇ ಮಗನಿಗೆ ಇಟ್ಟಿದ್ದರು. ಮಗ ಈಗ ಶಾಲೆಯ ಮೇಷ್ಟ್ರು. ಕಾಲುವೆ ದಾಟಿದ ದಿನವಾದ ಅಕ್ಟೋಬರ್ ಆರರಂದು ಇದನ್ನೆಲ್ಲ ಶಾಲೆಯಲ್ಲಿಟ್ಟು, ಅಪ್ಪನ ಬಾಯಿಂದಲೇ ಮಕ್ಕಳಿಗೆ ಕಥೆ ಹೇಳಿಸಬೇಕೆಂದು ಅವನ ಆಸೆ.

ಐದರ ಸಂಜೆ ನಾವು ಅಕ್ಕಪಕ್ಕದವರು ಗಾಜಿನ ಪೆಟ್ಟಿಗೆ ಹೊರಲು ಹೋಗಿದ್ದೆವು. ಆಗಲೂ ಮಂಡಿಯೂರಿದವನ ಮೇಲೆ ಮಾತ್ರ ಒಂದು ಕಣ ಧೂಳಿರಲಿಲ್ಲ.

"ಹಿಲಾಲನ ಅಪ್ಪಾ, ಇವನೇನು ಇಸ್ತ್ರಿ ಮಾಡಿಸ್ಕೊಂಡು ಬಂದ್ನಾ? ಮರಳಲ್ಲಿ ಕೂತವನ ಮಂಡಿ ಇಷ್ಟು ಚೊಕ್ಕ!" ಎಂದು ಸನಿಯ್ಯಾ ರೇಗಿಸಿದರು.

"ಹಚ್ತೀನಿ ಬಿಡೇ." ಬದವಿ ಕುಂಚ ಎತ್ತಿಕೊಂಡರು. ಮತ್ತೆ ಇಟ್ಟರು. ವಾರದಿಂದ ಹೀಗೇ ನಡೆದಿತ್ತು.

ಅಷ್ಟರಲ್ಲಿ ಮಗ ವೃದ್ಧರೊಬ್ಬರನ್ನು ಕೈಹಿಡಿದು ಕರೆತಂದ. "ಅಪ್ಪಾ, ಯಾರು ಬಂದಿದಾರೆ ನೋಡಿ! ನಿಮ್ಮ ಹವಲ್ದಾರ್ ಬುತ್ರುಸ್. ಅಷ್ಟು ದೂರದ ಮಿನ್ಯಾ ಊರಿನವರೆಗೂ ಹೋಗಿ ಹುಡುಕ್ದೆ."

ಎದ್ದು ನಿಲ್ಲಲು ಹೋದ ಬದವಿಯವರ ಕೈತಾಗಿ ನೀರಿನ ಬಟ್ಟಲು ಉರುಳಿತು.

"ಲೋ ಬದವಿ! ಇಪ್ಪತ್ತೊಂಬತ್ತು ವರ್ಷ ಆಯ್ತಲ್ಲೋ!" ಹವಲ್ದಾರರು ಬಿಗಿಯಾಗಿ ಅಪ್ಪಿಕೊಂಡರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಸೈನಿಕರ ಮೇಲೆ ಬಾಗಿದರು. ಮಲಗಿದವನನ್ನು ನೋಡಿ, ಮಂಡಿಯೂರಿದವನತ್ತ ಬೆರಳು ಮಾಡಿದರು. "ಅಯ್ಯೋ, ಹಿಲಾಲ್... ಇವನು ನಾನಲ್ವೇನೋ? ನನ್ನ ಮೀಸೆ ಎಲ್ಲೋ?"



"ಅದು ಇವರು, ಅಣ್ಣಾ" ಎಂದರು ಸನಿಯ್ಯಾ.

"ಇವನೆಲ್ಲಿದ್ದನಮ್ಮಾ ಅಲ್ಲಿ? ದಾಟೋಕೆ ಎರಡು ದಿನ ಮುಂಚೆನೇ ಕಾಮಾಲೆ ಬಂತು ಅಂತ ಆಸ್ಪತ್ರೆಗೆ ಕಳಿಸಿದ್ವಲ್ಲ..." ಹವಲ್ದಾರರು ನಮ್ಮ ಮುಖಗಳನ್ನು ನೋಡಿ ಅಲ್ಲಿಗೇ ನಿಲ್ಲಿಸಿದರು.

ಸನಿಯ್ಯಾ ಹಿಂದೆ ನೋಡದೆಯೇ ಬಣ್ಣದ ಡಬ್ಬಿಯ ಮೇಲೆ ಕುಸಿದು ಕೂತರು. "ಪ್ರತಿ ವರ್ಷ ಅತ್ತಿದೀನಲ್ರೀ ಆ ಕಥೆಗೆ" ಎಂದರು. ಅವರ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ಎತ್ತಿ ಹಿಡಿದಿದ್ದ ಖಾಲಿ ಪೆಟ್ಟಿಗೆಯನ್ನು ಇಳಿಸುವುದೂ ನಮಗೆ ಮರೆತಿತ್ತು.

"ಅಪ್ಪಾ, ನನ್ನ ಹೆಸರು?" ಎಂದ ಮಗ.

"ಹೆಸರು ಅವನದೇ ಕಂದಾ. ಅವನು ನನ್ನ ಗೆಳೆಯ ಅನ್ನೋದೂ ನಿಜ. ತೊಡೆ ಮಾತ್ರ ನನ್ನದಲ್ಲ."

ಬದವಿ ಅತಿ ಸಣ್ಣ ಕುಂಚವನ್ನು ಕಪ್ಪಿನಲ್ಲಿ ಅದ್ದಿದರು. "ಮೀಸೆ ಎಷ್ಟು ದಪ್ಪ ಇತ್ತು, ಹವಲ್ದಾರ್?"

ಬುತ್ರುಸ್ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

ಬದವಿ ಮೀಸೆ ಬರೆದರು. ಆಮೇಲೆ ಮರಳಿನ ಪುಡಿ ತೆಗೆದುಕೊಂಡು ಮಂಡಿಗೆ ಸವರಿದರು. ಒಂದೇ ಸವರಿಗೆ ಧೂಳು ಕೂತಿತು. ಮಗ ಹಿಲಾಲ್ ಹತ್ತಿರ ಬರದೆ ಬಾಗಿಲ ಬಳಿ ನಿಂತೇ ಇದ್ದ.